ಕೇಳಿದ್ದು ಕುರ್ಚಿಯಲ್ಲ

ನಾನು ಒಂದು ಕಾರು. ಹುಟ್ಟಿದ್ದು ಕಾರ್ಖಾನೆಯಲ್ಲಿ, ಅದೇ ದಿನ ಹುಟ್ಟಿದ ನೂರಾರು ಅಣ್ಣತಮ್ಮಂದಿರ ಜೊತೆ. ಎಲ್ಲರದೂ ಒಂದೇ ಮುಖ, ಒಂದೇ ಬಿಳಿ ಬಣ್ಣ. ಅದಲುಬದಲಾದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಮೈಮೇಲೆ ಒಂದೊಂದು ನಂಬರು ಕೊರೆದಿದ್ದರು. ಸಾಲಿನಲ್ಲಿ ನಿಂತಾಗ ನನಗಿದ್ದದ್ದು ಸಣ್ಣ ಆಸೆ. ನೆರಳಿರುವ ಒಂದು ಮನೆ, ಮೆಲ್ಲಗೆ ಬಾಗಿಲು ಹಾಕುವ ಜನ, ಭಾನುವಾರಕ್ಕೊಮ್ಮೆ ಸ್ನಾನ.

ಸಿಕ್ಕಿದ್ದು ಡ್ರೈವಿಂಗ್ ಸ್ಕೂಲು.

ಹುಬ್ಬಳ್ಳಿಯ ದಾವಲಸಾಬ ನದಾಫರು ನನ್ನನ್ನು ತಂದ ವಾರದಲ್ಲೇ ತಲೆಯ ಮೇಲೆ ಕೆಂಪು ಅಕ್ಷರದ ಎಲ್ ಬೋರ್ಡು ಕೂರಿಸಿದರು. ಎಡಗಡೆಯ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಹಾಕಿಸಿ, ಅಲ್ಲಿಂದ ಬಲಗಡೆಗೆ ಎರಡು ಕಬ್ಬಿಣದ ಸಲಾಕೆ ಎಳೆಸಿದರು. ಕಲಿಯುವವರು ಗಾಬರಿಯಾದರೆ ಉಸ್ತಾದರು ತಮ್ಮ ಕಡೆಯಿಂದಲೇ ತುಳಿದು ನನ್ನನ್ನು ನಿಲ್ಲಿಸುತ್ತಿದ್ದರು. ಹನ್ನೊಂದು ವರ್ಷ ನಾನು ಕಂಡದ್ದು ಬೆವರಿದ ಅಂಗೈಗಳನ್ನು, ಕೇಳಿದ್ದು ನನ್ನದೇ ಗೇರುಗಳ ಕಿರುಚಾಟವನ್ನು. ನನ್ನನ್ನು ಗೋಡೆಗೆ ಗುದ್ದಿಸಿದ ವಕೀಲರಿದ್ದಾರೆ. ಎಮ್ಮೆ ಅಡ್ಡ ಬಂದಾಗ ಸ್ಟೀರಿಂಗ್ ಬಿಟ್ಟು ಕೈಮುಗಿದ ಟೀಚರಮ್ಮ ಇದ್ದಾರೆ. ಎಲ್ಲರಿಗೂ ದಾವಲಸಾಬರದು ಒಂದೇ ಮಾತು: “ಸಾವಕಾಶ ರೀ, ಸಾವಕಾಶ.” ಅವರು ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ.

ಅವರ ಕಣ್ಣು ಮಂಜಾಯಿತು, ನನ್ನ ಎಂಜಿನ್ನು ಏದುಸಿರು ಬಿಡತೊಡಗಿತು. ಸ್ಕೂಲು ಮುಚ್ಚಿತು. ಗಿರಣಿ ಚಾಳದ ಹತ್ತಿರ ಮೈಲಾರಿ ಎಂಬವನ ಟಿಂಕರಿಂಗ್ ಶೆಡ್ಡಿಗೆ ನನ್ನನ್ನು ಬಿಟ್ಟು, ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ದಾವಲಸಾಬರು ತಿರುಗಿ ನೋಡದೆ ಹೋದರು. ಇಲ್ಲಿ ನನ್ನನ್ನು ಕತ್ತರಿಸಿ ತೂಕಕ್ಕೆ ಹಾಕುತ್ತಾರೆ ಎಂದುಕೊಂಡೆ. ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು.

ಮೈಲಾರಿ ಮಾತು ಕಡಿಮೆಯ ಮನುಷ್ಯ. ನೆಗ್ಗಿದ್ದನ್ನು ಬಡಿದು ನೆಟ್ಟಗೆ ಮಾಡುವುದಷ್ಟೇ ಅವನ ಕೆಲಸ. ಶೆಡ್ಡಿನ ಬಾಗಿಲಲ್ಲಿ ಅವನ ಅಕ್ಕ ಗೌರವ್ವ ಕೈಮಷಿನ್ನು ಇಟ್ಟುಕೊಂಡು ಕಾರುಗಳಿಗೆ ಸೀಟಿನ ಕವರು ಹೊಲಿಯುತ್ತಿದ್ದಳು. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎರಡೂ ಕಾಲಿನ ಶಕ್ತಿ ಹೋಗಿತ್ತು. ಶೆಡ್ಡಿನೊಳಗೆ ಕೈಯೂರಿಕೊಂಡು ಸರಸರನೆ ಓಡಾಡುತ್ತಿದ್ದಳು. ಹೊರಗೆ ಹೋಗಬೇಕೆಂದರೆ ಮಾತ್ರ ಯಾರಾದರೂ ಎತ್ತಬೇಕು. ಮದುವೆ ಮನೆಯಲ್ಲಿ ಮೈಲಾರಿ ಎತ್ತಿ ಒಳಗೆ ಕೂಡಿಸುವನು, ಊಟದ ಹೊತ್ತಿಗೆ ಚಿಕ್ಕಪ್ಪ ಎತ್ತಿ ಪಂಕ್ತಿಗೆ ಕೂಡಿಸುವನು, ಬಸ್ಸಿನಲ್ಲಿ ಕಂಡಕ್ಟರನೇ ಎತ್ತಿಬಿಡುವನು. ಎತ್ತುವವರೆಲ್ಲ ಒಳ್ಳೆಯವರೇ. ಆದರೆ ಎತ್ತುವ ಮೊದಲು ಒಬ್ಬರೂ ಕೇಳುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ತಾನಾಗಿ ಎಲ್ಲಿಗೂ ಹೋಗಿ ಮುಟ್ಟಿದವಳಲ್ಲ ಅವಳು.

ಒಂದು ದಿನ ನನ್ನ ಸೀಟು ಬಿಚ್ಚಲು ಒಳಗೆ ಬಂದವಳು ಎಡಗಡೆಯ ಪೆಡಲು, ಸಲಾಕೆಗಳನ್ನು ಕಂಡಳು. ಕೈಯಿಂದ ಒತ್ತಿದಳು. ಬಲಗಡೆಯ ಬ್ರೇಕು ತಾನೇ ಕೆಳಗೆ ಹೋಯಿತು. ಮತ್ತೆ ಒತ್ತಿದಳು, ಮತ್ತೆ ಹೋಯಿತು.

“ತಮ್ಮಾ,” ಎಂದು ಕರೆದಳು. “ಈ ಕಡೆ ಒತ್ತಿದ್ರ ಆ ಕಡೆ ಬ್ರೇಕ್ ಬೀಳ್ತದ. ಹಂಗಿದ್ರ ಕಾಲಽ ಯಾಕ ಬೇಕು?”

ಮೈಲಾರಿಯ ಸುತ್ತಿಗೆ ನಿಂತಿತು. ನನ್ನನ್ನು ಕತ್ತರಿಸುವ ಮಾತು ಅಂದಿಗೆ ಮುಗಿಯಿತು.

ಮೂರು ತಿಂಗಳು ಅವನು ಅದೇ ಸಲಾಕೆಗಳನ್ನು ಬಗ್ಗಿಸಿ, ಬೆಸೆದು, ಬಿಚ್ಚಿ, ಮತ್ತೆ ಬೆಸೆದ. ಸ್ಟೀರಿಂಗಿನ ಪಕ್ಕ ಒಂದು ಹಿಡಿಕೆ ಬಂತು. ಮುಂದೆ ತಳ್ಳಿದರೆ ಬ್ರೇಕು, ತನ್ನ ಕಡೆ ಎಳೆದರೆ ವೇಗ. ಗೇರಿನ ಕೋಲಿಗೆ ಬೈಕಿನಲ್ಲಿರುವಂಥ ಕ್ಲಚ್ಚು. ಕಲಿಸಲು ದಾವಲಸಾಬರೇ ಬಂದು ತಮ್ಮ ಹಳೆಯ ಜಾಗದಲ್ಲಿ ಕೂತರು. ಆದರೆ ಅವರ ಕಾಲಕೆಳಗೆ ಈಗ ಬ್ರೇಕು ಇರಲಿಲ್ಲ. ಗೌರವ್ವ ಜೋರು ಮಾಡಿದಾಗಲೆಲ್ಲ ಮುದುಕನ ಬಲಗಾಲು ಬರೀ ನೆಲವನ್ನು ತುಳಿಯುತ್ತಿತ್ತು. ಬಾಯಿ ಮಾತ್ರ “ಸಾವಕಾಶ ತಂಗಿ, ಸಾವಕಾಶ” ಎನ್ನುತ್ತಿತ್ತು. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಆರ್‌ಟಿಒ ಸಾಹೇಬರು ನನ್ನ ಹಿಡಿಕೆಗಳನ್ನು ಎಳೆದು ನೋಡಿ, ಅವಳಿಂದ ಎರಡು ಸಲ ಮೈದಾನ ಸುತ್ತಿಸಿ, ಲೈಸನ್ಸ್ ಕೊಟ್ಟರು.

ಆಮೇಲೆ ಅಕ್ಕತಮ್ಮಂದಿರಿಗೆ ನನ್ನ ಹುಚ್ಚು ಹಿಡಿಯಿತು. ಮೈಲಾರಿ ನನಗೆ ಇಳಕಲ್ ಸೀರೆಯ ಸೆರಗಿನ ಕೆಂಪು ಬಳಿದ. ಮುಖ ತಿದ್ದಿದ, ಸೊಂಟ ಇಳಿಸಿದ, ಅಗಲದ ಗಾಲಿ ತೊಡಿಸಿದ. ಒಳಗಿನದೆಲ್ಲ ಗೌರವ್ವನದು. ತಲೆಯ ಮೇಲಿನ ಬಟ್ಟೆಗೂ ಬಾಗಿಲ ಬಟ್ಟೆಗೂ ಅವಳು ಅವ್ವನಿಂದ ಕಲಿತ ಕಸೂತಿ ಹಾಕಿದಳು: ಗೋಪುರ, ಆನೆ, ತೊಟ್ಟಿಲು, ತುಳಸಿಕಟ್ಟೆ. ಆ ಕಸೂತಿಯಲ್ಲಿ ಎಲ್ಲಿಯೂ ಗಂಟು ಹಾಕುವಂತಿಲ್ಲ. ಹೋದ ದಾರ ಅದೇ ದಾರಿಯಲ್ಲಿ ಮರಳಿ ಬರಬೇಕು, ಹಿಂದೆ ಮುಂದೆ ಎರಡೂ ಬದಿ ಒಂದೇ ಥರ ಕಾಣಬೇಕು. ನೂರಾರು ಅಣ್ಣತಮ್ಮಂದಿರಲ್ಲಿ ಇಂಥ ಭಾಗ್ಯ ಯಾರಿಗೆ ಬಂದೀತು? ಹೊಗಳಿಕೊಳ್ಳುತ್ತೇನೆಂದು ಬೇಸರ ಪಡಬೇಡಿ, ಹೊಗಳಿಕೊಳ್ಳುತ್ತಲೇ ಇದ್ದೇನೆ.

ಆ ವರ್ಷ ಬೆಳಗಾವಿಯಲ್ಲಿ, ಹೀಗೆ ಮಾರ್ಪಡಿಸಿದ ಕಾರುಗಳ ಪ್ರದರ್ಶನ ಏರ್ಪಾಡಾಯಿತು. ಕಾರುಗಳು ಒಂದೊಂದಾಗಿ ಇಳಿಜಾರು ಹಲಗೆ ಏರಿ ವೇದಿಕೆಯ ಮೇಲೆ ನಿಲ್ಲಬೇಕು. ಗೌರವ್ವ ಆ ಕರಪತ್ರ ಓದಿ ಮಡಚಿ ಮಷಿನ್ನಿನ ಕೆಳಗೆ ಇಟ್ಟುಕೊಂಡಳು. ಅಷ್ಟು ಜನರ ಮುಂದೆ, ಯಾರೂ ಎತ್ತದೆ, ತಾನೇ ಮೇಲೆ ಹತ್ತಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಬಹುಮಾನವಲ್ಲ. ಆದರೆ ಒಂದು ನಿಯಮವಿತ್ತು. ಪ್ರತಿ ಕಾರಿನ ಹಿಂದೆ ಒಂದು ಕಂಪನಿ ಪ್ರಾಯೋಜಕರಾಗಿ ನಿಂತಿರಬೇಕು. ಕಂಪನಿಯ ಪತ್ರವಿಲ್ಲದಿದ್ದರೆ ಪ್ರವೇಶವಿಲ್ಲ.

ಗೌರವ್ವ ಸೀಟಿಗೆ ಬಳಸುತ್ತಿದ್ದ ಬಟ್ಟೆ ಗೋಕುಲ ರಸ್ತೆಯ ರೇವಣ ರೆಕ್ಸಿನ್ ಕಂಪನಿಯದು. ಅವರನ್ನೇ ಕೇಳೋಣ ಎಂದಾಯಿತು. ಪತ್ರ ಬರೆಸುವ ಕೆಲಸ ಮೈಲಾರಿ ವಹಿಸಿಕೊಂಡ. ಅಲ್ಲಿಯೇ ಎಡವಟ್ಟಾಯಿತು. ಅವನಿಗೆ ಗೊತ್ತಿದ್ದ ಒಬ್ಬನೇ ಬರಹಗಾರ ತಹಶೀಲ್ದಾರ ಕಚೇರಿಯ ಮುಂದೆ ಕೂತು ಅರ್ಜಿ ಬರೆಯುವವನು. ಆ ಪುಣ್ಯಾತ್ಮನಿಗೆ ಗೊತ್ತಿದ್ದದ್ದು ಒಂದೇ ಥರದ ಅರ್ಜಿ. “ಕಡುಬಡವರಾದ ನಮ್ಮ ಮೇಲೆ ದಯೆಯಿಟ್ಟು ಸಹಾಯ ಮಾಡಬೇಕಾಗಿ ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುತ್ತೇವೆ” ಎಂದು ಮುಗಿಸಿ, ರೇಶನ್ ಕಾರ್ಡು, ಆದಾಯ ಪ್ರಮಾಣಪತ್ರ, ಗೌರವ್ವನ ಅಂಗವಿಕಲತೆಯ ಪ್ರಮಾಣಪತ್ರ ಎಲ್ಲದರ ಝೆರಾಕ್ಸ್ ಪಿನ್ನು ಹಾಕಿ ಕೊಟ್ಟ. ನನ್ನದೊಂದು ಫೋಟೊ ಇಲ್ಲ! ‘ಕಾರು’ ಎಂಬ ಮಾತು ಬಂದದ್ದು ಒಂದೇ ಕಡೆ, ಅದೂ ಕೊನೆಯ ಸಾಲಿನಲ್ಲಿ.

ಇಪ್ಪತ್ತು ದಿನಕ್ಕೆ ಕಂಪನಿಯ ಜೀಪು ಬಂತು. ಮೈಲಾರಿ ಕೈ ಒರೆಸಿಕೊಳ್ಳುತ್ತ ಓಡಿದ. ಮೂವರು ಇಳಿದರು. ಒಬ್ಬನ ಕೈಯಲ್ಲಿ ಕ್ಯಾಮರಾ, ಒಬ್ಬನ ಕೈಯಲ್ಲಿ ಬ್ಯಾನರು. ಮೂರನೆಯವನು ದೊಡ್ಡ ರಟ್ಟಿನ ಪೆಟ್ಟಿಗೆ ಇಳಿಸಿ ಬಿಚ್ಚಿದ. ಒಳಗಿದ್ದದ್ದು ಗಾಲಿಕುರ್ಚಿ. ಅರ್ಜಿ ಓದಿದವರು ಅದನ್ನು ಸಮಾಜಸೇವೆಯ ವಿಭಾಗಕ್ಕೆ ಕಳಿಸಿದ್ದರು. ಗೌರವ್ವ ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಅವಳನ್ನು ಎತ್ತಿ ಅದರಲ್ಲಿ ಕೂರಿಸಿಯೇಬಿಟ್ಟರು. ಬ್ಯಾನರನ್ನು ನನ್ನ ಮುಖಕ್ಕೆ ಅಡ್ಡ ಕಟ್ಟಿ ಫೋಟೊ ತೆಗೆದರು. ಮರುದಿನ ಪೇಪರಿನಲ್ಲಿ ಬಂತು: ‘ಬಡ ಅಂಗವಿಕಲ ಮಹಿಳೆಗೆ ನೆರವು’. ಫೋಟೊದಲ್ಲಿ ನನ್ನ ಒಂದು ಗಾಲಿ ಕಾಣುತ್ತಿತ್ತು.

ಗೌರವ್ವ ಎರಡು ದಿನ ಮಷಿನ್ನು ತಿರುಗಿಸಲಿಲ್ಲ. ಮೂರನೆಯ ದಿನ ಮೈಲಾರಿ ತಲೆ ತಗ್ಗಿಸಿಕೊಂಡು ಬಂದು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ.

“ಬಡವರು ಅಂತ ಬರದ್ರ ಲಗೂ ಕೊಡ್ತಾರಂತ ಅನಕೊಂಡೆ, ಅಕ್ಕಾ.”

“ಕುರ್ಚಿ ಕೆಟ್ಟದ್ದಲ್ಲೋ ತಮ್ಮಾ,” ಎಂದಳು. ದನಿ ಸಣ್ಣದಾಗಿತ್ತು. “ಆದ್ರ ನಾವ್ ಕೇಳಿದ್ದು ಕುರ್ಚಿ ಅಲ್ಲ. ನಾವ್ ಬೇಡಾಕ ಹೋಗಿರಲಿಲ್ಲ, ಕೊಡಾಕ ಹೋಗಿದ್ವಿ.”

ಅಂದು ಅವಳೇ ಪತ್ರ ಬರೆದಳು. ವಿಷಯ: ನಮ್ಮ ಕಾರಿನ ಮೇಲೆ ನಿಮ್ಮ ಹೆಸರಿಗೆ ಜಾಗ ಕೊಡುವ ಕುರಿತು. ‘ನಮ್ಮ ಕಾರಿನಲ್ಲಿ ಹೆಸರು ಹಾಕಲು ಮೂರು ಒಳ್ಳೆಯ ಜಾಗಗಳಿವೆ. ಈ ಕಾರನ್ನು ನೋಡಿದವರು ಒಳಗೆ ಇಣುಕದೆ ಹೋಗುವುದಿಲ್ಲ. ಇಣುಕಿದವರಿಗೆ ಮೊದಲು ಕಾಣುವುದು ಸೀಟು. ಆ ಬಟ್ಟೆ ನಿಮ್ಮದು, ಹೊಲಿಗೆ ನನ್ನದು. ನಿಮ್ಮ ಬಟ್ಟೆಯ ಮೇಲೆ ಎಂಥ ಕೆಲಸ ಮಾಡಬಹುದೆಂದು ನೀವೂ ಇದುವರೆಗೆ ನೋಡಿರಲಿಕ್ಕಿಲ್ಲ.’ ಜೊತೆಗೆ ನನ್ನ ನಾಲ್ಕು ಫೋಟೊ. ಎಡದಿಂದ ತೆಗೆದದ್ದರಲ್ಲಿ ನಾನು ಬಹಳ ಚೆನ್ನಾಗಿ ಬಂದಿದ್ದೆ.

ಅಂಚೆಗೆ ಹಾಕಲಿಲ್ಲ. ಕುರ್ಚಿಯನ್ನು ಮಡಚಿ ನನ್ನ ಡಿಕ್ಕಿಯಲ್ಲಿ ಇರಿಸಿಕೊಂಡು, ಮೈಲಾರಿಯನ್ನೂ ಬಿಟ್ಟು, ಒಬ್ಬಳೇ ಗೋಕುಲ ರಸ್ತೆಗೆ ಹೊರಟಳು. ಕಂಪನಿಯ ಅಂಗಳದಲ್ಲಿ ನಿಲ್ಲಿಸಿ ಹಾರ್ನು ಹೊಡೆದಳು. ಕೆಲಸಗಾರರು ಬಂದು ಮುತ್ತಿದರು. ಕೊನೆಗೆ ಮ್ಯಾನೇಜರ್ ಪದಕಿಯವರೇ ಇಳಿದು ಬಂದು, ನನ್ನನ್ನು ಒಂದು ಸುತ್ತು ಹಾಕಿ, ಕಿಟಕಿಯಲ್ಲಿ ಬಗ್ಗಿದರು. ಪೇಪರಿನಲ್ಲಿ ನೋಡಿದ ಮುಖ, ಗುರುತು ಸಿಕ್ಕಿತು.

“ಡ್ರೈವರ್ ಎಲ್ಲಿ ಹೋದಾ, ತಂಗಿ?”

“ನಾನಽ ರೀ.”

ಅವರು ಹಿಡಿಕೆ ನೋಡಿದರು, ಅವಳ ಕೈ ನೋಡಿದರು. ಅವಳು ಎಡಗಡೆಯ ಬಾಗಿಲು ತೆಗೆದಳು. ಸಾಹೇಬರು ತುಸು ಹಿಂದೆಮುಂದೆ ನೋಡಿ ಕೂತರು. ಇಡೀ ಅಂಗಳ ಎರಡು ಸುತ್ತು ಹಾಕಿಸಿದಳು. ಮೊದಲ ತಿರುವಿನಲ್ಲಿ ಅವರ ಕಾಲೂ ದಾವಲಸಾಬರ ಕಾಲಿನಂತೆ ನೆಲ ತುಳಿಯಿತು. ಎರಡನೆಯದರಲ್ಲಿ ಅವರು ತಲೆ ಎತ್ತಿ ಕಸೂತಿ ನೋಡುತ್ತಿದ್ದರು. ಹಿಂದೆ ತಿರುಗಿ ಡಿಕ್ಕಿಯಲ್ಲಿದ್ದ ಕುರ್ಚಿ ಕಂಡು, ಯಾಕೆ ಮರಳಿ ತಂದೆ, ಅದು ಬೇಡವೇ ಎಂದು ಕೇಳಿದರು.

“ಕೇಳಿದವ್ರಿಗೆ ಕೊಡ್ರಿ ಸರ. ಕೇಳಿ ಕಾಯಾವ್ರು ಭಾಳ ಮಂದಿ ಅದಾರ. ನನಗ ಸದ್ಯಕ್ಕ ನಾಕ್ ಗಾಲಿ ಅದಾವು,” ಎಂದು ಪತ್ರ ಕೈಗಿಟ್ಟಳು.

ಪದಕಿಯವರು ಅಲ್ಲೇ ಕೂತು ಓದಿದರು. ಓದಿ ಮುಗಿಸಿ ಬಹಳ ಹೊತ್ತು ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. “ನಾವು ತಪ್ಪು ತಿಳಕೊಂಡ್ವಿ,” ಎಂದಷ್ಟೇ ಹೇಳಿದರು. ಒಪ್ಪಿಗೆಯ ಪತ್ರ ಅಂದೇ ಟೈಪಾಯಿತು. ಕಂಪನಿಯ ಹೆಸರನ್ನು ಮುಂದಿನ ಗಾಜಿನ ಮೇಲಂಚಿಗೆ ಬಟ್ಟೆಯ ಪಟ್ಟಿ ಕಟ್ಟಿ ಕಸೂತಿಯಲ್ಲೇ ಹಾಕಬೇಕೆಂದು ಅವರ ಆಸೆ. ಆನೆ, ಗೋಪುರಗಳಾದರೆ ಎರಡೂ ಬದಿ ಒಂದೇ; ಅಕ್ಷರ ಮಾತ್ರ ಒಂದು ಬದಿ ತಿರುವುಮುರುವಾಗುತ್ತದೆ ಎಂದು ಅವಳು ವಿವರಿಸಿದಳು. ನಿಮ್ಮ ಹೆಸರು ಹೊರಗಿನವರಿಗೆ ಸರಿಯಾಗಿ ಕಾಣಲಿ, ಒಳಗೆ ಕೂರುವ ನನಗೆ ಅದು ಬರೀ ಚಿತ್ತಾರವಾದರೂ ನಡೆದೀತು ಎಂದಳು.

ಪ್ರದರ್ಶನದ ದಿನ ಬಂತು. ನನ್ನ ಮುಂದೆ ನಿಂತವರೆಲ್ಲ ಪ್ರಾಯದವರು, ಗುಡುಗುವ ಎಂಜಿನ್ನಿನವರು. ನಮ್ಮ ಸರದಿ ಬಂದಾಗ ಸ್ವಯಂಸೇವಕರು ನಾಲ್ವರು ಓಡಿಬಂದರು. ಅವಳನ್ನು ಎತ್ತಿ ವೇದಿಕೆಗೆ ಒಯ್ದು, ನನ್ನನ್ನು ತಾವೇ ತಳ್ಳುವ ವಿಚಾರ ಅವರದು. ಮೈಲಾರಿ ಅವರಿಗೆ ಅಡ್ಡ ನಿಂತ. ತಾನೂ ಮುಟ್ಟಲಿಲ್ಲ. ಗೌರವ್ವ ಗೇರು ಹಾಕಿ ಹಿಡಿಕೆ ಎಳೆದಳು. ಹಲಗೆಯ ನಡುವೆ ನನ್ನ ಉಸಿರು ಕಟ್ಟಿತು, ಅರ್ಧ ಗೇಣು ಹಿಂದೆ ಜಾರಿದೆ. ಅವಳು ಬ್ರೇಕು ತಳ್ಳಿ ಹಿಡಿದಳು. ಕೆಳಗೆ ದಾವಲಸಾಬರು ನಿಂತಿದ್ದರು, ಅವರ ಬಲಗಾಲು ಮಣ್ಣನ್ನು ಒತ್ತಿ ಹಿಡಿದಿತ್ತು. “ಸಾವಕಾಶ,” ಎಂದು ಗೌರವ್ವ ಹೇಳಿದಳು, ತನಗೋ ನನಗೋ ತಿಳಿಯಲಿಲ್ಲ. ಮತ್ತೆ ಎಳೆದಳು. ನಾನು ನನ್ನ ಹನ್ನೊಂದು ವರ್ಷದ ಪೆಟ್ಟು, ಬೈಗುಳ, ಮುಪ್ಪು ಎಲ್ಲವನ್ನೂ ಮರೆತು ಮುಕ್ಕರಿದೆ. ಹತ್ತಿದೆವು.

ಕೆಳಗಿಳಿದು ಬಂದು ಎರಡು ಮಾತಾಡಿ ಎಂದರು ನಿರೂಪಕರು. ಮತ್ತೆ ಇಬ್ಬರು ಕೈ ಚಾಚಿದರು.

“ಎತ್ತಬ್ಯಾಡ್ರಿ,” ಎಂದಳು. “ಮೈಕ್ ಇಲ್ಲೇ ತರ್ರಿ.”

ಮೈಕು ನನ್ನ ಕಿಟಕಿಗೆ ಬಂತು. ತನ್ನ ಹೆಸರು, ತಮ್ಮನ ಹೆಸರು, ಉಸ್ತಾದರ ಹೆಸರು, ಕಂಪನಿಯ ಹೆಸರು ಹೇಳಿದಳು. ಅಷ್ಟಕ್ಕೇ ನಿಲ್ಲಿಸಿದಳು. ಬಹುಮಾನ ಬಾಗಿಲನ್ನು ರೆಕ್ಕೆಯಂತೆ ಎತ್ತುವ ಕಾರಿಗೆ ಹೋಯಿತು. ಅಂದು ನನಗಿಂತ ಸುಖವಾಗಿದ್ದ ಕಾರು ಆ ಮೈದಾನದಲ್ಲಿ ಇರಲಿಲ್ಲ, ಇದು ಸತ್ಯ.

ಈಗ ನನಗೆ ವಯಸ್ಸಾಗಿದೆ. ರಸ್ತೆಗಿಳಿಯುವ ಅನುಮತಿ ಮುಗಿಯಿತು, ಎಂಜಿನ್ನು ಬಿಚ್ಚಿದರು. ಶೆಡ್ಡಿನ ಮೂಲೆಯಲ್ಲಿ ನಾಲ್ಕು ಕಲ್ಲಿನ ಮೇಲೆ ನಿಂತಿದ್ದೇನೆ. ಕೆಂಪು ಮಸುಕಾಗಿದೆ, ಕಸೂತಿಯ ಒಂದು ಎಳೆಯೂ ಬಿಚ್ಚಿಲ್ಲ. ದಾವಲಸಾಬರು ತೀರಿಕೊಂಡು ನಾಲ್ಕು ವರ್ಷ. ಮೈಲಾರಿ ಈಗ ಕೈಯಿಂದ ನಡೆಸುವ ಕಾರುಗಳನ್ನೇ ತಯಾರು ಮಾಡುತ್ತಾನೆ. ಗೌರವ್ವನ ಭುಜಗಳು ಸೋತಿವೆ. ಹೋದ ವರ್ಷ ತಾನೇ ಅಂಗಡಿಗೆ ಹೋಗಿ, ಕೂತು ನೋಡಿ, ಒಂದು ಗಾಲಿಕುರ್ಚಿ ಕೊಂಡು ತಂದಳು. ಅದರ ಬೆನ್ನಿಗೂ ಆನೆ ಹೊಲಿದಿದ್ದಾಳೆ. ಕುರ್ಚಿಗೂ ನನಗೂ ಈಗ ಸಲಿಗೆ.

ಕೈಯಿಂದ ಕಾರು ಕಲಿಯುವವರು ಮೊದಲು ನನ್ನೊಳಗೆ ಕೂತು ಹಿಡಿಕೆ ಅಭ್ಯಾಸ ಮಾಡುತ್ತಾರೆ. ನಾನು ಅಲ್ಲಾಡುವುದಿಲ್ಲವಾದ್ದರಿಂದ ಯಾರಿಗೂ ಭಯವಿಲ್ಲ. ನನ್ನ ತಲೆಯ ಮೇಲೆ ಮತ್ತೆ ಅದೇ ಎಲ್ ಬೋರ್ಡು ಬಂದಿದೆ. ಮೊನ್ನೆ ನವಲಗುಂದದಿಂದ ಇಪ್ಪತ್ತರ ಒಬ್ಬ ಹುಡುಗಿ ಬಂದಿದ್ದಳು. ಬಾಗಿಲ ಹತ್ತಿರ ಬಂದವಳೇ ಅಳುಕಿದಳು. ಅವಳ ಅಣ್ಣ ಎಂದಿನಂತೆ ಬಗ್ಗಿ ಎರಡೂ ಕೈ ಚಾಚಿದ.

“ತಡಿಯಪ್ಪಾ,” ಎಂದಳು ಗೌರವ್ವ. “ಆಕಿ ಕೇಳಿಲ್ಲ.”

ಅವನು ಕೈ ಹಿಂದೆ ತೆಗೆದುಕೊಂಡ. ಹುಡುಗಿ ನನ್ನ ಬಾಗಿಲನ್ನು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಹತ್ತಿ ಕೂರಲು ಬಹಳ ಹೊತ್ತು ಹಿಡಿಯಿತು. ನಾನು ಬಾಗಿಲು ತೆರೆದುಕೊಂಡು ಕಾದೆ. ನನಗೇನು ಅವಸರ?