ಮೂರು ಗಂಟೆಯ ನೂನ್

ಎದುರಾದವರು "ಗುಡ್ ಆಫ್ಟರ್‌ನೂನ್ ಸಾರ್" ಅಂದರೆ, ಪ್ರತಿವಂದನೆಯ ಬದಲು "ಆ ನೂನ್ ಎಲ್ಲಿಂದ ಬಂತು ಗೊತ್ತೇನ್ರಿ?" ಎಂದು ಕೇಳಿ ದಾರಿಗಡ್ಡ ನಿಲ್ಲುವ ಮನುಷ್ಯ ಅವರು. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಅವರಿಗೆ ಬೀದಿಯವರಿಟ್ಟ ಹೆಸರು ಬೇರು ಮೇಷ್ಟ್ರು. ಕಳೆದುಹೋದ ಗುಂಡಿಯನ್ನು ಹುಡುಕುವವರ ಹಾಗೆ ತಲೆ ತಗ್ಗಿಸಿದ ನಡಿಗೆ, ನಿಘಂಟಿನ ಭಾರಕ್ಕೆ ಎಡಗಡೆ ಜೋತುಬಿದ್ದ ಕಂದು ಕೋಟು, ಪ್ರತಿ ವ್ಯಾಖ್ಯಾನದ ಅಂತ್ಯಕ್ಕೂ "ಅಲ್ವೇ ಮತ್ತೆ" ಎಂಬ ಮುದ್ರೆ. ಒಮ್ಮೆ ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ದು, ಮ್ಯಾಟಿನೀ ಎಂಬುದರ ಮೂಲಾರ್ಥ ಬೆಳಗು, ಅದನ್ನು ಮಧ್ಯಾಹ್ನ ತೋರಿಸುವುದೇ ತಮಾಷೆ ಎಂದು ಟಿಕೆಟ್ ಕೊಡುವವನಿಗೆ ತಿಳಿಹೇಳುತ್ತ ನಿಂತು, ಹಿಂದಿದ್ದವರ ಬೈಗುಳಕ್ಕೂ ಜಗ್ಗದೆ, ಕಡೆಗೆ ಟಿಕೆಟೇ ಸಿಗದೆ ಮರಳಿದ್ದರು. "ನೀವು ಬೇರು ಅಗೀತಾ ಇರಿ, ಹಣ್ಣು ಕಂಡವರ ಪಾಲಾಗ್ಲಿ" ಎಂದು ಆಕೆ ದಾರಿಯುದ್ದಕ್ಕೂ ನಕ್ಕಿದ್ದರು.

ಆಕೆಯ ತಲೆಯ ಶಸ್ತ್ರಚಿಕಿತ್ಸೆಯಾದ ಮರುದಿನ ಬೆಳಿಗ್ಗೆ ಡಾಕ್ಟರು ಹೊರಬಂದು, "ನೂನ್ ಒಳಗೆ ಕಣ್ಣು ಬಿಡಬೇಕು. ಇಲ್ಲದಿದ್ರೆ ಮತ್ತೆ ಆಪರೇಷನ್. ಎರಡನೇ ಸಲ ತಡ್ಕೊಳ್ತಾರೆ ಅಂತ ಹೇಳೋಕಾಗಲ್ಲ" ಎಂದರು. ಮೇಷ್ಟ್ರು ಗೋಡೆಯ ಗಡಿಯಾರವನ್ನು ನೋಡಲಾರದೆ, ನೋಡದೆ ಇರಲೂ ಆಗದೆ, ಬಾಗಿಲಿಗೂ ಬೆಂಚಿಗೂ ನಡುವೆ ತಿರುಗಿದರು.

"ಅಪ್ಪಾ, ಹನ್ನೆರಡು ದಾಟ್ತು," ಎಂದಳು ಮಗಳು. ಒಳಗೆ ಆಪರೇಷನ್ ಥಿಯೇಟರಿನ ಸಿದ್ಧತೆ ಶುರುವಾಗಿತ್ತು.

"ನೂನ್ ಅಂದ್ರೆ ಹನ್ನೆರಡಲ್ಲ ಮಗಳೇ. ಲ್ಯಾಟಿನ್ನಿನ ಒಂಬತ್ತು ಅದು. ಸೂರ್ಯ ಹುಟ್ಟಿ ಒಂಬತ್ತನೇ ಗಂಟೆ. ಅಂದ್ರೆ ಮೂರು. ಹನ್ನೆರಡಕ್ಕೆ ಜಾರಿದ್ದು ಆಮೇಲೆ."

"ಇವತ್ತಾದ್ರೂ ಸುಮ್ನಿರಿ ಅಪ್ಪ."

ಅವರು ಕೋಟಿನ ಕಿಸೆಯಿಂದ ನಿಘಂಟನ್ನು ತೆಗೆದು, ತೆರೆಯದೆಯೇ ಎದೆಗವಚಿಕೊಂಡರು. ಚಿಕ್ಕಂದಿನಿಂದ ಈ ವ್ಯಾಖ್ಯಾನಗಳಿಗೆ ಕಿವಿ ಮುಚ್ಚಿಕೊಂಡೇ ಬೆಳೆದವಳು ಅದನ್ನು ಕಂಡು ಅವರ ಬಳಿ ಬಂದಳು.

"ಮೂರು ಅನ್ನೋದು ನಿಜ ತಾನೇ?" ಎಂದು ಮೆಲ್ಲಗೆ ಕೇಳಿದಳು.

"ನಿಜ," ಎಂದರು. "ಅಲ್ವೇ ಮತ್ತೆ" ಮುದ್ರೆ ಒತ್ತಲಿಲ್ಲ.

ಎರಡು ದಾಟಿತು. ಆಕೆಯನ್ನು ಕರೆದೊಯ್ಯಲು ಸ್ಟ್ರೆಚರ್ ಒಳಗೆ ಹೋಯಿತು. ಅದು ಬರಿದಾಗಿಯೇ ಹೊರಬಂದಾಗ ಇಬ್ಬರೂ ಎದ್ದು ನಿಂತರು, ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಿಂದೆಯೇ ಬಂದ ನರ್ಸು, "ಕಣ್ಣು ಬಿಟ್ಟಿದ್ದಾರೆ, ಬನ್ನಿ" ಎಂದಳು.

"ಹೊತ್ತೆಷ್ಟಾಯ್ತು?" ಎಂದರು ಹಾಸಿಗೆಯಲ್ಲಿದ್ದ ಹೆಂಡತಿ, ಉಸಿರಿನಲ್ಲೇ.

"ನೂನ್ ಕಣೇ," ಎಂದರು ಮೇಷ್ಟ್ರು.

ಆಕೆ ಎದುರಿನ ಗಡಿಯಾರವನ್ನು ನೋಡಿದರು. ಮೂರಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು.

"ಅಲ್ವೇ ಮತ್ತೆ," ಎಂದು ಆಕೆಯೇ ಮುದ್ರೆ ಒತ್ತಿದರು.

ಪದಗಳ ಬೇರು ಕೆದಕುವವರನ್ನು ಕೆಲಸವಿಲ್ಲದವರೆಂದು ನಾವು ನಗುತ್ತೇವೆ, ಅವರೂ ನಗೆಗೀಡಾಗುವಂತೆಯೇ ಬದುಕುತ್ತಾರೆ. ಆದರೆ ಪ್ರೀತಿಸಿದವರಿಗೆ ಗಡಿಯಾರದಲ್ಲಿ ಹೊತ್ತು ಉಳಿಯದಾದಾಗ, ಇಂಥವರು ಪದದೊಳಗೆ ಕೈಹಾಕಿ ಇನ್ನಷ್ಟು ಹೊತ್ತನ್ನು ತಡಕುತ್ತಾರೆ. ಅದು ಪಾಂಡಿತ್ಯವಲ್ಲ, ಬರೀ ಭಯ.