ಹೇಳದ ಕೋರಿಕೆ

"ಧರ್ಮ ಬಂದೂಕು ಹಿಡಿಯೋದಿಲ್ಲ, ಒಂಟಿತನ ಹಿಡಿಯುತ್ತೆ," ಎಂದು ಹೇಳಿ ಸಮಾಜಶಾಸ್ತ್ರ ಕಲಿಸುವ ಹಾರ್ಲನ್ ಟಿಡ್ವೆಲ್ ಕೂತ. ಚಪ್ಪಾಳೆ ಬಿತ್ತು. ಕಾಲೇಜಿನ ಸಭಾಂಗಣ ಅರ್ಧವೂ ತುಂಬಿರಲಿಲ್ಲ. ತುಂಬಿದ್ದವರಲ್ಲಿ ಮುಕ್ಕಾಲು ಪಾಲು ಹಾಜರಿಗಾಗಿ ಬಂದವರು. ಆದರೂ ಚಪ್ಪಾಳೆ ಚಪ್ಪಾಳೆಯೇ. ವಾಕ್ಯ ಚೆನ್ನಾಗಿತ್ತು. ಈ ಒಂದು ವರ್ಷದಲ್ಲಿ ಅದನ್ನು ಅವನು ಹೋದಲ್ಲೆಲ್ಲ ಹೇಳಿದ್ದ.

ವಾದಕ್ಕೆಂದು ಎದುರು ಕುರ್ಚಿಯಲ್ಲಿದ್ದ ಮಿರಿಯಮ್ ಆಸ್ಟರ್‌ಹೌಸ್ ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಸದ್ದು ಅಡಗುವವರೆಗೆ ಕಾದಳು.

"ಡ್ಯೂಯಿ ಸ್ಟ್ಯಾನ್ಸಿಲ್ ಒಂಟಿಯಾಗಿದ್ನಾ? ವಾರಕ್ಕೆ ಮೂರು ಸಲ ನಿಮ್ಮ ಚರ್ಚಿಗೆ ಬರ್ತಿದ್ದ ಅಂತ ಕೇಳಿದೀನಿ."

"ಗುಂಪಿನಲ್ಲೂ ಒಂಟಿಯಾಗಿರಬಹುದು."

"ಅಲ್ಲಿ ಏನು ಬೇಡ್ಕೊಳ್ತಿದ್ದ?"

"ಗೊತ್ತಿಲ್ಲ. ನಮ್ಮಲ್ಲಿ ಅದನ್ನ ಕೇಳೋ ಪದ್ಧತಿ ಇಲ್ಲ."

ಸಭೆ ನಕ್ಕಿತು. ಹಾರ್ಲನ್ನೂ ನಕ್ಕ. ಮಿರಿಯಮ್ ನಗದೆ ಅವನನ್ನೇ ನೋಡುತ್ತ ಕೂತಳು.

ಹೇಳಿದ್ದು ಸುಳ್ಳೇನಲ್ಲ. ವರ್ಜೀನಿಯಾದ ಈ ಬೆಟ್ಟಸೀಮೆಯಲ್ಲಿ ಬುಧವಾರ ಸಂಜೆ ಪ್ರಾರ್ಥನೆಗೆ ಮುಂಚೆ, ಯಾರಿಗೇನು ಬೇಕೆಂದು ಪಾಸ್ಟರ್ ಕೇಳುತ್ತಾರೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರ ಮಗಳಿಗೆ ಹೆರಿಗೆ. ಬಾಯಿಬಿಟ್ಟು ಹೇಳಲಾರದವರು ಸುಮ್ಮನೆ ಕೈ ಎತ್ತಿದರಾಯಿತು. ಅದು ಹೇಳದ ಕೋರಿಕೆ. ಏನೆಂದು ಯಾರೂ ಕೇಳಕೂಡದು; ದೇವರಿಗೆ ಗೊತ್ತಿದ್ದರೆ ಸಾಕು. ಅದನ್ನು ನೆರವೇರಿಸಪ್ಪಾ ಎಂದು ಇಡೀ ಸಭೆ ತಲೆ ಬಗ್ಗಿಸಿ ಬೇಡುತ್ತದೆ.

ಹೋದ ವರ್ಷ ಬೇಸಿಗೆಯುದ್ದಕ್ಕೂ ಡ್ಯೂಯಿ ಕೈ ಎತ್ತಿದ್ದ. ಸಭೆ ಬೇಸಿಗೆಯುದ್ದಕ್ಕೂ ಆಮೆನ್ ಎಂದಿತ್ತು. ಎಲೆ ಉದುರುವ ಹೊತ್ತಿಗೆ ಅವನು ಪಕ್ಕದ ಕೌಂಟಿಯ ಗರ್ಭಪಾತದ ಕ್ಲಿನಿಕ್ಕಿಗೆ ಹೋಗಿ ಒಬ್ಬ ನರ್ಸನ್ನೂ ಬಾಗಿಲು ಕಾಯುವವನನ್ನೂ ಗುಂಡಿಟ್ಟು ಕೊಂದ. "ನಾನೊಬ್ಬನೇ ಕೇಳಿದ್ದಲ್ಲ, ಎಲ್ಲರೂ ಕೇಳ್ಕೊಂಡಿದ್ರು," ಎಂದು ಪೊಲೀಸರಿಗೆ ಹೇಳಿದನಂತೆ. ಹಾರ್ಲನ್ ಈ ಕೊಲೆಯ ಬಗ್ಗೆ ಬರೆದ ಲೇಖನದಲ್ಲಿ ಈ ಮಾತನ್ನು ಕೈಬಿಟ್ಟ. ತಲೆ ಕೆಟ್ಟವನ ಮಾತು ಪುರಾವೆಯಲ್ಲ. ಆ ಎಲ್ಲರಲ್ಲಿ ತಾನೂ ಒಬ್ಬನಾಗಿದ್ದೆ ಎಂಬುದಂತೂ ಸಮಾಜಶಾಸ್ತ್ರಕ್ಕೆ ಸಂಬಂಧಪಟ್ಟದ್ದೇ ಅಲ್ಲ.

ಅವನಿಗೆ ದೇವರ ಮೇಲಿನ ನಂಬಿಕೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಹೆಂಡತಿ ಡೆಲ್ಫಿಯಾ ಚರ್ಚಿನಲ್ಲಿ ಪಿಯಾನೋ ನುಡಿಸುತ್ತಿದ್ದುದರಿಂದ ಚರ್ಚು ಹೋಗಿರಲಿಲ್ಲ, ಅಷ್ಟೆ.

ಅಂದು ಬುಧವಾರ. ಸಂಜೆ ಚರ್ಚಿಗೆ ಹೊರಟ ಕಾರಿನಲ್ಲಿ ಅವಳ ಮಡಿಲಲ್ಲಿ ಬಿಸಿ ಹುರುಳಿಕಾಯಿ ಪಲ್ಯದ ಪಾತ್ರೆ ಇತ್ತು.

"ನಿನ್ನ ತಮ್ಮ ವೆಂಡೆಲ್ ದೋಣಿ ಮಾರಿಬಿಟ್ನಂತೆ," ಎಂದ ಹಾರ್ಲನ್.

"ಅವನ ದೋಣಿ, ಅವನು ಮಾರ್ತಾನೆ."

"ಮೀನು ಹಿಡಿಯೋದು ಅಂದ್ರೆ ಪ್ರಾಣ ಬಿಡೋನು."

"ಬೇಜಾರಾಗಿರಬೇಕು."

"ಮೂರು ವಾರದಿಂದ ಕೈ ಎತ್ತುತ್ತಿದಾನೆ."

ಡೆಲ್ಫಿಯಾ ಪಾತ್ರೆಯ ಮುಚ್ಚಳ ಸರಿಮಾಡಿದಳು. "ಹೊಟ್ಟೇಲಿ ಗಂಟುಗಿಂಟು ಇರಬೇಕು ಕಣ್ರೀ. ಅಪ್ಪನಿಗೂ ಹೀಗೇ ಶುರುವಾಗಿದ್ದು. ನೀವು ಮಾತ್ರ ಕೇಳಕ್ಕೆ ಹೋಗಬೇಡಿ. ಅವನ ಮಾನ ನಮ್ಮ ಮಾನ ಎರಡೂ ಹೋಗುತ್ತೆ."

ಗಂಟೇ ಇರಲಿ ಎಂದು ಹಾರ್ಲನ್ ಹಾರೈಸಿದ. ಭಾವಮೈದನ ಹೊಟ್ಟೆಯಲ್ಲಿ ಗಂಟಿರಲಿ ಎಂದು ಹಾರೈಸುತ್ತಿದ್ದೇನಲ್ಲ ಎಂದು ಹೊಳೆದಾಗ ಕಾರು ಚರ್ಚಿನ ಅಂಗಳಕ್ಕೆ ತಿರುಗಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಎಲ್ಲರೂ ಒಂದೊಂದು ಪಾತ್ರೆ ತಂದಿದ್ದರು. ವೆಂಡೆಲ್ ತಟ್ಟೆ ಹಿಡಿದು ಬಂದು ಎದುರಿಗೇ ಕೂತ. ಗಡ್ಡ ಬೋಳಿಸಿದ್ದ. ಮುಖದಲ್ಲಿ ಒಂದು ಹೊಸ ಶಾಂತಿ ಇತ್ತು. ಡ್ಯೂಯಿಯ ಮುಖವೂ ಕೊನೆಗೆ ಹೀಗೇ ತಿಳಿಯಾಗಿತ್ತು ಎಂದು ಹಾರ್ಲನ್‌ಗೆ ನೆನಪಾಯಿತು. ನೆನಪಾಗಬಾರದಿತ್ತು.

"ಏನ್ ಭಾವ, ಇವತ್ತು ಆ ಮೇಡಮ್ಮನ ಬಾಯಿ ಮುಚ್ಚಿಸಿಬಿಟ್ರಂತೆ?"

"ಹಾಗೇನಿಲ್ಲ."

"ಧರ್ಮದಿಂದ ಏನೂ ಆಗಲ್ಲ ಅಂದ್ರಂತೆ."

"ಧರ್ಮದಿಂದ ಕೊಲೆ ಆಗಲ್ಲ ಅಂದೆ."

"ಒಂದೇ ಆಯ್ತಲ್ಲ. ದೇವರು ಯಾರ ಕೈಯಲ್ಲೂ ಏನೂ ಮಾಡಿಸಲ್ಲ ಅಂದ ಹಾಗೆ." ವೆಂಡೆಲ್ ಮೆಕ್ಕೆಜೋಳದ ಬ್ರೆಡ್ಡನ್ನು ಮುರಿದ. "ಡ್ಯೂಯಿಗೆ ಬೇಜಾರಾಗಿದೆ. ತಲೆ ಕೆಟ್ಟವನು ಅಂತ ಬರೆದಿದೀರಂತೆ."

"ಅವನು ನಿನಗೆಲ್ಲಿ ಸಿಕ್ಕ?"

"ಜೈಲಿಗೆ ಹೋಗ್ಬರ್ತೀನಿ. ಪಾಪ, ಯಾರೂ ನೋಡಕ್ಕೆ ಹೋಗಲ್ಲ." ಸ್ವಲ್ಪ ಹೊತ್ತು ಅಗಿದ. "ಕ್ಲಿನಿಕ್ಕು ಮತ್ತೆ ತೆಗೆದಿದಾರೆ, ಗೊತ್ತಾ?"

ಹಾರ್ಲನ್ ಚಹಾದ ಲೋಟ ಎತ್ತಿ ಕುಡಿಯದೆ ಇಟ್ಟ. "ನಿನ್ನ ಆರೋಗ್ಯ ಹೇಗಿದೆ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

ಅಲ್ಲಿಗೆ ಗಂಟಿನ ಆಸೆಯೂ ಹೋಯಿತು. ಹಾರ್ಲನ್‌ಗೆ ಹೆದರಿಕೆಯಾಯಿತು, ವಾದವಿಲ್ಲದ, ಬರೀ ಹೆದರಿಕೆ. ಎದ್ದು ಹೊರಗೆ ಹೋದ. ಗಾಡಿಗಳ ನಡುವೆ ನಿಂತು ಫೋನ್ ತೆಗೆದ. ಪೊಲೀಸರಿಗೆ ಏನೆಂದು ಹೇಳುವುದು? ನನ್ನ ಭಾವಮೈದ ಪ್ರಾರ್ಥನೆ ಮಾಡುತ್ತಿದ್ದಾನೆ, ಹಿಡಿದುಕೊಂಡು ಹೋಗಿ ಎಂದೆ? ಹೇಳುತ್ತಿರುವವರು ಯಾರು ಸ್ವಾಮಿ? ಪ್ರಾರ್ಥನೆಗೂ ಬಂದೂಕಿಗೂ ಸಂಬಂಧವಿಲ್ಲ ಎಂದು ಮಧ್ಯಾಹ್ನವಷ್ಟೇ ಚಪ್ಪಾಳೆ ಗಿಟ್ಟಿಸಿಕೊಂಡವನು. ಪಕ್ಕದಲ್ಲಿ ವೆಂಡೆಲನ ಗಾಡಿ ತೊಳೆದು ಹೊಳೆಯುತ್ತಿತ್ತು. ಹಿಂದುಗಡೆ ಹೊಸ ಟಾರ್ಪಾಲು ಬಿಗಿದು ಕಟ್ಟಿತ್ತು. ಹಗ್ಗದ ಗಂಟಿಗೆ ಬೆರಳು ಹಚ್ಚಿದ. ಮೇಲೆ ಪ್ರಾರ್ಥನೆಯ ಹಾಲಿನಲ್ಲಿ ಡೆಲ್ಫಿಯಾ ಪಿಯಾನೋ ಶುರುಮಾಡಿದಳು. ಬೆರಳು ಹಿಂದಕ್ಕೆ ಬಂತು.

ಏನು ಬೇಡಿಕೊಳ್ಳುತ್ತಿದ್ದಾನೆಂದು ಅವನನ್ನೇ ಕೇಳಿಬಿಡುತ್ತೇನೆ ಎಂದುಕೊಂಡು ಮೇಲೆ ಹೋದ. ಎಲ್ಲರೆದುರೇ ಕೇಳಿಬಿಡುತ್ತೇನೆ. ಒಂದು ಪ್ರಶ್ನೆ, ಅಷ್ಟೇ ತಾನೆ.

ಪಾಸ್ಟರ್ ಕ್ರಿಗರ್ ಕನ್ನಡಕ ಹಣೆಗೇರಿಸಿ ಸಭೆಯನ್ನು ನೋಡಿದರು. ಒಂದು ಮಂಡಿನೋವು ಬಂತು. ಕೆಲಸ ಕಳೆದುಕೊಂಡ ಒಬ್ಬ ಅಳಿಯ ಬಂದ. ಆಮೇಲೆ ಮೂರನೆಯ ಬೆಂಚಿನಲ್ಲಿ ವೆಂಡೆಲನ ಕೈ ಮೇಲೆದ್ದಿತು.

"ಬ್ರದರ್ ವೆಂಡೆಲ್, ಹೇಳದ ಕೋರಿಕೆ. ಮತ್ಯಾರಾದ್ರೂ?"

ಮಾತಾಡಲು ಅಪ್ಪಣೆ ಕೇಳುವ ಮೇಷ್ಟರ ಅಭ್ಯಾಸದಿಂದ ಹಾರ್ಲನ್ ಕೈ ಎತ್ತಿದ.

ಪಾಸ್ಟರ್ ಮುಖ ಅರಳಿತು. "ಬ್ರದರ್ ಹಾರ್ಲನ್! ದೇವರಿಗೆ ಸ್ತೋತ್ರ. ಇಷ್ಟು ವರ್ಷ ಕಾದಿದ್ವಿ ನಾವು."

"ಅಲ್ಲ, ನಾನು ಕೇಳಬೇಕು ಅಂತಿದ್ದಿದ್ದು..."

"ಏನೂ ಹೇಳಬೇಡಿ ಬ್ರದರ್. ಆತನಿಗೆ ಗೊತ್ತು."

ಪಿಯಾನೋ ಮುಂದೆ ಡೆಲ್ಫಿಯಾ ಕಣ್ಣೊರೆಸಿಕೊಂಡಳು. ಹಿಂದಿನ ಬೆಂಚಿನ ಮುದುಕಿಯೊಬ್ಬಳು ಅವನ ಬೆನ್ನು ಸವರಿದಳು. ಆ ಕೈ ಬೆಚ್ಚಗಿತ್ತು. ತಲೆಗಳು ಒಂದೊಂದಾಗಿ ಬಾಗಿದವು, ಕಣ್ಣುಗಳು ಮುಚ್ಚಿದವು.

"ತಂದೆಯೇ, ಈ ಇಬ್ಬರು ಸಹೋದರರ ಮನಸ್ಸಲ್ಲಿರೋದನ್ನ ನೀನು ಬಲ್ಲೆ. ಅದನ್ನ ನೆರವೇರಿಸು. ಇವರ ಕೈ ಬಲಪಡಿಸು."

ಬಾಗಿದ ತಲೆಗಳ ಮೇಲೆ ಎರಡೇ ಕೈಗಳು ನಿಂತಿದ್ದವು. ಹಾರ್ಲನ್ ಕಣ್ಣು ಮುಚ್ಚಿರಲಿಲ್ಲ. ವೆಂಡೆಲನೂ ಮುಚ್ಚಿರಲಿಲ್ಲ. ಅವನು ಕತ್ತು ತಿರುಗಿಸಿ ಹಾರ್ಲನ್‌ನನ್ನೇ ನೋಡುತ್ತಿದ್ದ; ತಡವಾಗಿಯಾದರೂ ಬಂದಿರಲ್ಲ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದ.

ಸಭೆ ಆಮೆನ್ ಎಂದಿತು. ಅದರಲ್ಲಿ ತನ್ನ ದನಿಯೂ ಹಾರ್ಲನ್‌ಗೆ ಕೇಳಿಸಿತು. ಕೈ ಇಳಿಸಬೇಕೆಂದುಕೊಂಡ. ಅದು ಮೇಲೆಯೇ ಇತ್ತು.