ಹೇರಿನ ಬಿಗಿ ಬಂಡೆಗಲ್ಲ

ಸವಡಿಯ ಸುತ್ತಮುತ್ತ ಟ್ರ್ಯಾಕ್ಟರಿಗೆ ಕಣಕಿ ಹೇರಬೇಕಾದರೆ ಪರಶುವನ್ನೇ ಕರೆಯುತ್ತಾರೆ. ಜೋಳದ ದಂಟಿನ ಹೇರಿನ ಮೇಲೆ ಅವನು ಹಗ್ಗ ಬಿಗಿದನೆಂದರೆ, ರೋಣದವರೆಗೆ ರಸ್ತೆ ಎಷ್ಟೇ ಕುಲುಕಿಸಲಿ, ಒಂದು ದಂಟೂ ಉದುರುವುದಿಲ್ಲ. ಆ ಕೈಯ ಬಗ್ಗೆ ಅವನಿಗೆ ಜಂಬವೂ ಇತ್ತು. ಇರಲಿ ಬಿಡಿ, ಬೆವರು ಸುರಿಸಿ ಕಲಿತದ್ದರ ಜಂಬ ಯಾರಿಗಿರುವುದಿಲ್ಲ?

ಅದೇ ಕೈ ಹೋದ ವರ್ಷ ಗಜೇಂದ್ರಗಡದ ಗುಡ್ಡದಲ್ಲಿ ಗೆಳೆಯ ಆಶಿಕನ ಕಾಲು ಮುರಿಸಿತು.

ಐತವಾರ ಬಂತೆಂದರೆ ಇಬ್ಬರೂ ಬಂಡೆ ಹತ್ತುವವರು. ಒಬ್ಬ ಹಿಂದಿನ ಕಾಲುದಾರಿಯಿಂದ ಮೇಲೆ ಹೋಗಿ, ಕಲ್ಲಿಗೆ ಸ್ಲಿಂಗ್ ಎಂಬ ಗಟ್ಟಿ ನೈಲಾನ್ ಪಟ್ಟಿ ಕಟ್ಟಿ, ಅದಕ್ಕೆ ಕೊಂಡಿಯಿಂದ ಹಗ್ಗ ಸಿಕ್ಕಿಸಿ ಹಿಡಿಯುವನು. ಇನ್ನೊಬ್ಬ ಅದೇ ಹಗ್ಗವನ್ನು ಸೊಂಟದ ಬೆಲ್ಟಿಗೆ ಕಟ್ಟಿಕೊಂಡು ಕೆಳಗಿಂದ ಹತ್ತುವನು. ಅಂದು ಮೇಲಿದ್ದವನು ಪರಶು; ಹತ್ತುತ್ತಿದ್ದ ಆಶಿಕನ ಕಾಲು ಜಾರಿತು. ಮೇಲೆ ಒಂದು ಕಲ್ಲು ಸರಿಯಿತು, ಪಟ್ಟಿ ಕಳಚಿತು, ಹಗ್ಗ ಪರಶುವಿನ ಅಂಗೈ ಸುಡುತ್ತಾ ಓಡಿತು. ಆಶಿಕ ಬದುಕಿದ. ಆದರೆ ಅವನ ಕಾಲು ಇನ್ನು ಬಂಡೆ ಹತ್ತುವುದಿಲ್ಲ.

ಆಮೇಲೆ ಪರಶುವಿನ ಹಗ್ಗಕ್ಕೆ ಬಂಡೆ ಹತ್ತುವ ಬೇರೆ ಗೆಳೆಯರೂ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಯಾರೂ ಬೈಯಲೂ ಇಲ್ಲ. "ಈ ಐತಾರ ಕೆಲಸೈತಿ" ಎಂದರು, ಮುಂದಿನ ವಾರವೂ ಅದನ್ನೇ ಎಂದರು. ಆಶಿಕನ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಚಹಾದ ಪರಿಮಳ ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ಅವನೊಬ್ಬನೇ ಗುಡ್ಡದ ತುದಿಗೆ ಹೋಗಿ ಕೂರುತ್ತಿದ್ದ. ಹಿಡಿಯಲು ಕೈ ಇತ್ತು, ಹಗ್ಗದ ಆ ತುದಿಯಲ್ಲಿ ಯಾರೂ ಇರಲಿಲ್ಲ. ಚೀಲ ಬಿಚ್ಚದೆಯೇ ಸಂಜೆಗೆ ಇಳಿದು ಬರುತ್ತಿದ್ದ.

ಅಂಥದೊಂದು ಐತವಾರ ಆಶಿಕನ ತಂಗಿ ನಿಲೋಫರ ಗುಡ್ಡಕ್ಕೆ ಬಂದಳು. ಅಣ್ಣ ಬಿದ್ದ ಮೇಲೆ ಅವಳು ಹಟ ಹಿಡಿದು ಬಾದಾಮಿಯಲ್ಲಿ ಬಂಡೆ ಹತ್ತುವ ತರಬೇತಿ ಪಡೆದಿದ್ದಳು.

"ಪರಶಣ್ಣಾ, ಅವತ್ತ ಹ್ಯಾಂಗ ಕಟ್ಟಿದ್ದಿ? ಹಂಗ ಕಟ್ಟಿ ತೋರ್ಸು."

"ನನ್ನ ಕಟ್ಟಿನಾಗ ತಪ್ಪಿಲ್ಲ, ತಂಗಿ. ಕಲ್ಲ ಕೈ ಕೊಡ್ತು."

"ಕಟ್ಟಿ ತೋರ್ಸಂದೆ."

ಪರಶು ದೂರ ದೂರದ ಎರಡು ಕಲ್ಲಿಗೆ ಒಂದೇ ಪಟ್ಟಿ ಬಳಸಿ, ಮೊಣಕಾಲು ಊರಿ, ಹೇರು ಬಿಗಿದಂತೆಯೇ ಬಿಗಿದ. ನಡುವೆ ಕೊಂಡಿ ಸಿಕ್ಕಿಸಿದ. ಪಟ್ಟಿ ಅರಿವೆ ಒಣಹಾಕುವ ತಂತಿಯ ಹಾಗೆ ನೆಟ್ಟಗೆ ನಿಂತಿತು.

"ನೋಡು, ಹ್ಯಾಂಗ ಬಿಗಿ ಐತಿ!"

ನಿಲೋಫರ ಇನ್ನೊಂದು ಪಟ್ಟಿಯನ್ನು ತಾನು ತಂದಿದ್ದ ನೀರಿನ ಕ್ಯಾನಿನ ಹಿಡಿಕೆಯಲ್ಲಿ ತೂರಿಸಿ, ಒಂದು ತುದಿ ಅವನಿಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದಳು. ಹತ್ತಿರ ನಿಂತು ಎತ್ತಿದರು. ಕ್ಯಾನು ಹಗುರವಾಗಿ ಎದ್ದಿತು.

"ಈಗ ದೂರ ಸರಿ. ಪಟ್ಟಿ ನೆಟ್ಟಗಾಗೂ ಹಂಗ ಎಳಿ."

ಪರಶು ಹಲ್ಲು ಕಚ್ಚಿ ಎಳೆದ. ಕಣಕಿಯ ಹೊರೆ ಎಸೆಯುವ ತೋಳು ಗಡಗಡ ನಡುಗಿತು. ಪಟ್ಟಿ ನೆಟ್ಟಗಾಗಲಿಲ್ಲ, ಅವನೇ ಅವಳ ಕಡೆಗೆ ಜಾರಿದ.

"ನೀರ ಮೊದಲಿನಷ್ಟ ಐತಿ. ಭಾರ ಎಲ್ಲಿಂದ ಬಂತು?" ಎಂದಳು ನಿಲೋಫರ. "ಹೇರು ಕುಂತಲ್ಲೇ ಕುಂತಿರತೈತಿ, ಅದಕ್ಕ ಬಿಗಿ ಬೇಕು. ಮನಶಾ ಜೋತು ಬೀಳ್ತಾನ. ಪಟ್ಟಿ ಅಗಲಕ್ಕ ಬಿಗಿದಷ್ಟೂ ಎರಡೂ ಕಲ್ಲಿಗೆ ಭಾರ ಹೆಚ್ಚ. ಈಗ ನೀ ಜಾರಿದ್ಯಲ್ಲಾ, ಅವತ್ತ ಕಲ್ಲೂ ಹಿಂಗ ಜಾರಿತ್ತು."

ಪರಶು ಅಲ್ಲೇ ಕುಕ್ಕರಿಸಿದ. ಇಷ್ಟು ದಿನ ಕಲ್ಲನ್ನು ಬೈಯುತ್ತಾ ಬಂದಿದ್ದ. "ಹಂಗಾರ ನಾನ ಕೆಡವಿದ್ನಲ್ಲ ಅವನ್ನ" ಎಂದ.

"ಗೊತ್ತಿರಲಿಲ್ಲ ನಿನಗ. ಈಗ ಗೊತ್ತಾತು. ಏಳು."

ನೆಲದಲ್ಲಿ ಆಳಕ್ಕೆ ಹೂತ ಎರಡು ಕಲ್ಲು ಹುಡುಕಿದರು. ತಟ್ಟಿದರೆ ಟೊಳ್ಳು ಸದ್ದು ಬಂದ ಕಲ್ಲುಗಳನ್ನು ಬಿಟ್ಟರು. ಒಂದೊಂದಕ್ಕೂ ಒಂದೊಂದು ಉದ್ದನೆಯ ಪಟ್ಟಿ ಹಾಕಿದರು. ಹತ್ತುವವರ ಭಾರ ಬೀಳುವ ದಿಕ್ಕಿಗೆ ಎರಡನ್ನೂ ಸಮನಾಗಿ ಎಳೆದಾಗ, ನಡುವೆ ಎರಡು ಬೆರಳು ಬಿಡಿಸಿದಂತೆ ಕಿರಿದಾದ ಸಂದು ಉಳಿಯಿತು. ಸೇರಿದಲ್ಲಿ ನಿಲೋಫರ ಗಂಟು ಹಾಕಿಸಿದಳು.

"ಈ ಗಂಟ ಯಾಕ?"

"ಒಂದ ಕಲ್ಲ ಹೋದ್ರ ಇನ್ನೊಂದ ಹಿಡೀಲಿ ಅಂತ. ಅವತ್ತ ಒಂದ ಕಡೆ ಕಳಚಿದ ಕೂಡ್ಲೆ ಕೊಂಡೀನೂ ಜಾರಿ ಹೋತು."

ಗಂಟಿಗೆ ತಿರುಪಿನ ಕೊಂಡಿ ಹಾಕಿ ಬಿಗಿದರು. ಹಗ್ಗ ಈ ಸಲ ಬರಿಗೈಯಲ್ಲಿರಲಿಲ್ಲ, ಜಾರುವ ಹಗ್ಗವನ್ನು ಕಚ್ಚಿ ತಡೆಯುವ ಸಾಧನದೊಳಗಿಂದ ಬಂತು. "ನೀನೂ ಇದಕ್ಕ ಕಟಗೋ. ನೀ ಬಿದ್ರ ನನ್ನ ಯಾರ ಹಿಡೀತಾರ?" ಎಂದಳು. ಬಿಸಿಲಿಗೆ ಬಣ್ಣ ಹೋಗಿದ್ದ ಅವನ ಹಳೆಯ ಪಟ್ಟಿಯನ್ನು ಯಾರೂ ಮತ್ತೆ ಬಳಸದಂತೆ ಕತ್ತರಿಸಿ ಹಾಕಿ, ಎಲ್ಲವನ್ನೂ ಎಳೆದು ನೋಡಿ, ಕಾಲುದಾರಿ ಹಿಡಿದು ಇಳಿದಳು.

"ನನ್ನ ಹಗ್ಗಕ್ಕ ಹತ್ತತೀ?" ಎಂದು ಪರಶು ಕೇಳುವಷ್ಟರಲ್ಲಿ ಅವಳು ಮರೆಯಾಗಿದ್ದಳು.

ಕೆಳಗೆ ಅವಳು ಹಗ್ಗ ಕಟ್ಟಿಕೊಂಡು ಹತ್ತತೊಡಗಿದಳು. ಮೇಲೆ ಗಾಳಿ ಮತ್ತು ಅವನು, ಇಬ್ಬರೇ. ಹತ್ತುವವಳು ಕಾಣಿಸುವುದಿಲ್ಲ, ಹಗ್ಗ ಅಲುಗುವುದಷ್ಟೇ ಗೊತ್ತು. ಅರ್ಧ ದಾರಿಯಲ್ಲಿ ಹಗ್ಗ ಥಟ್ಟನೆ ಭಾರವಾಯಿತು. ಅವನು ಹಗ್ಗವನ್ನು ಬಿಗಿಯಾಗಿ ಹಿಡಿದ. ಎರಡೂ ಪಟ್ಟಿ ಭಾರ ಹಂಚಿಕೊಂಡವು, ಕಲ್ಲು ಕದಲಲಿಲ್ಲ.

"ಬೇಕಂತನ ಜೋತು ಬಿದ್ದೀನಿ!" ಕೆಳಗಿಂದ ಕೂಗು ಬಂತು.

ಪರಶುವಿಗೆ ಕಣ್ಣೀರು ಬಂತು. ಒರೆಸಿಕೊಳ್ಳಲು ಹಗ್ಗದಿಂದ ಕೈ ತೆಗೆಯಲಿಲ್ಲ.

ಮೇಲೆ ಬಂದವಳೇ ಅವಳು ಅಣ್ಣನಿಗೆ ಫೋನು ಹಚ್ಚಿ, ಬಂಡೆ ಹತ್ತಿ ಬಂದೆ ಎಂದಳು. "ಕಟ್ಟಿದಾಂವ ಯಾರು?" ಎಂದ ಆಶಿಕ. "ಪರಶಣ್ಣ" ಎಂದಳು.

"ಚಾ ಕುಡ್ಯಾಕ ಅವನ್ನ ಮನಿಗೆ ಕರಕೊಂಡ ಬಾ" ಎಂದ ಆಶಿಕ.

ಬಂಡೆ ಹತ್ತುವ ಅಕ್ಕ ಅಣ್ಣಂದಿರೇ, ಈ ಕಥೆ ಓದಿಕೊಂಡೇ ಗುಡ್ಡಕ್ಕೆ ಓಡಬೇಡಿ. ತರಬೇತಿ ಪಡೆದವರ ಎದುರು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಕಲಿಯಿರಿ. ಒಂದೇ ಕಲ್ಲನ್ನು ನಂಬಬೇಡಿ. ಪಟ್ಟಿಯನ್ನು ಅಡ್ಡಕ್ಕೆ ಬಿಗಿಯಬೇಡಿ. ಕಟ್ಟಿದ್ದನ್ನು ಇನ್ನೊಬ್ಬರಿಗೆ ತೋರಿಸಲು ನಾಚಬೇಡಿ. ಪರಶುವಿಗೆ ಆ ಚಹಾ ತಡವಾಗಿಯಾದರೂ ಸಿಕ್ಕಿತು. ಆಶಿಕ ಬದುಕಿರದಿದ್ದರೆ, ಕರೆಯುವವರು ಯಾರಿದ್ದರು?